ಇದ್ದಾಗ ಒದೆ, ತಿಥಿಗೆ ವಡೆ

2009ರ ಡಿಸೆಂಬರಿನಲ್ಲಿ ಅಮೆರಿಕದ ಜನಪ್ರತಿನಿಧಿ ಸಭೆಯಲ್ಲಿ ಒಂದು ಪವಾಡ ನಡೆಯಿತು. ಹಿಂದಿನ ತಿಂಗಳಷ್ಟೇ ಆರೋಗ್ಯ ವಿಮೆ ಮಸೂದೆಗೆ 220–215 ಅಂತ ಕಿತ್ತಾಡಿ ಸುಸ್ತಾಗಿದ್ದ ಮಹನೀಯರು ಅವತ್ತು ಪಕ್ಷಭೇದ ಮರೆತು 409–0 ಮತಗಳಿಂದ ಒಂದು ನಿರ್ಣಯ ಪಾಸು ಮಾಡಿದರು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಆಲ್ಬಂ ಮುದ್ರಣವಾಗಿ 50 ವರ್ಷವಾಯಿತು, ಜಾಝ್ ಅನ್ನುವುದು ರಾಷ್ಟ್ರದ ನಿಧಿ ಅಂತ ನಿರ್ಣಯ. ವಿರೋಧ ಸೊನ್ನೆ. ರೋಗಿಗೆ ಔಷಧಿ ಸಿಗಬೇಕೋ ಬೇಡವೋ ಅನ್ನುವುದರಲ್ಲಿ ಹುಟ್ಟದ ಒಮ್ಮತ ತುತ್ತೂರಿಯ ವಿಷಯದಲ್ಲಿ ಹುಟ್ಟಿತು.

ಈ ಆಲ್ಬಂ ಅಂಗಡಿಗೆ ಬಂದದ್ದು 1959ರ ಆಗಸ್ಟ್ 17ರಂದು. ಎಂಟೇ ದಿನಕ್ಕೆ ಸರ್ಕಾರದ ಕಡೆಯಿಂದ ಮೊದಲ ಸನ್ಮಾನವೂ ಆಗಿಹೋಯಿತು. ಮೈಲ್ಸ್ ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದ. ನಡುವೆ ಬಿಡುವು ಸಿಕ್ಕಾಗ ಬಾಗಿಲ ಹೊರಗೆ ಸಿಗರೇಟು ಸೇದುತ್ತ ನಿಂತ. ಪೊಲೀಸಿನವನು ಬಂದು 'ನಡಿ ನಡಿ, ಇಲ್ಲಿ ನಿಲ್ಲಬೇಡ' ಅಂದ. 'ನಾನು ಇಲ್ಲೇ ಕೆಲಸ ಮಾಡೋದು' ಅಂತ ಇವನು ತಲೆಯ ಮೇಲಿದ್ದ ದೀಪದ ಬೋರ್ಡು ತೋರಿಸಿದ. ಬೋರ್ಡಿನಲ್ಲಿ ಇವನದೇ ಹೆಸರು ಝಗಝಗ ಹೊಳೆಯುತ್ತಿತ್ತು. ಅದನ್ನು ಓದಿ ನೋಡುವ ವ್ಯವಧಾನ ಯಾರಿಗಿತ್ತು? ಪೆಟ್ಟು ನೇರ ತಲೆಗೇ ಬಿತ್ತು. ರಕ್ತ ಮೆತ್ತಿದ ಕೋಟಿನಲ್ಲೇ ಠಾಣೆಗೆ ಎಳೆದುಕೊಂಡು ಹೋದರು, ಆಮೇಲೆ ತಲೆಗೆ ಹೊಲಿಗೆ ಬಿತ್ತು. ಆ ತಲೆ ಮಣ್ಣು ಸೇರಿ 18 ವರ್ಷವಾದ ಮೇಲೆ ಅದಕ್ಕೆ 409 ಮತ. (ಬರ್ಡ್‌ಲ್ಯಾಂಡ್ ಅಂತ ಹೆಸರು ಬಂದದ್ದು ಸ್ಯಾಕ್ಸೋಫೋನ್ ವಾದಕ 'ಬರ್ಡ್' ಚಾರ್ಲಿ ಪಾರ್ಕರ್‌ನಿಂದ. ಕೊನೆಕೊನೆಗೆ ಅವನನ್ನೇ ಆ ಕ್ಲಬ್ಬಿನ ಒಳಗೆ ಬಿಡುತ್ತಿರಲಿಲ್ಲ. ಹೆಸರು ಸಾಕಿತ್ತು, ಮನುಷ್ಯ ಬೇಕಿರಲಿಲ್ಲ.)

ಜಾಝ್ ಲೋಕದಲ್ಲಿ ಸಂಪ್ರದಾಯ ದೊಡ್ಡದೋ ಪ್ರಯೋಗ ದೊಡ್ಡದೋ ಅನ್ನುವ ಜಗಳಕ್ಕೆ ಎಂಬತ್ತು ವರ್ಷ ದಾಟಿದೆ. ಪಂಡಿತರು ಸ್ವಿಂಗ್ ಎಂಬ ತೂಗುವ ಲಯ ಇದೆಯೋ, ಬ್ಲೂಸ್ ಎಂಬ ಹಳೇ ನೋವಿನ ಹಾಡಿನ ಛಾಯೆ ಇದೆಯೋ ಅಂತ ಭೂತಗನ್ನಡಿ ಹಿಡಿದು ಹುಡುಕುತ್ತಾರೆ. ಅಷ್ಟೆಲ್ಲ ಕಷ್ಟ ಯಾಕೆ? ನುಡಿಸಿದವನು ಬದುಕಿದ್ದಾನೋ ಇಲ್ಲವೋ ಅಂತ ವಿಚಾರಿಸಿದರೆ ಸಾಕು. ಬದುಕಿದ್ದರೆ ಅದು ಪ್ರಯೋಗ, ತೀರಿಕೊಂಡಿದ್ದರೆ ಸಂಪ್ರದಾಯ. ಮೊದಲನೆಯದಕ್ಕೆ ಒದೆ, ಎರಡನೆಯದಕ್ಕೆ ವಡೆ-ಪಾಯಸ.

ಒದೆಯುವವರು ಪೊಲೀಸರೇ ಆಗಬೇಕೆಂದಿಲ್ಲ. 1949ರ ಸುಮಾರಿಗೆ ಲೂಸಿಯಾನದ ಬ್ಯಾಟನ್ ರೂಜ್‌ನ ಡ್ಯಾನ್ಸ್ ಹಾಲೊಂದರಲ್ಲಿ ಆರ್ನೆಟ್ ಕೋಲ್ಮನ್ ಎಂಬ ಹುಡುಗ ಎಲ್ಲರಂತೆ ನುಡಿಸದೆ ತನಗೆ ತೋಚಿದ್ದನ್ನು ನುಡಿಸಿದ. ಕುಣಿಯುತ್ತಿದ್ದವರಿಗೆ ಹೆಜ್ಜೆ ಸಿಗಲಿಲ್ಲ. ಅವನಿಗೆ ಹೊರಗೆ ಸರಿಯಾಗಿ ಬಿತ್ತು, ಸ್ಯಾಕ್ಸೋಫೋನೂ ಹೋಯಿತು. ಮುಂದೆ ಕೈಯಲ್ಲಿ ಕಾಸಿಲ್ಲದೆ ಪ್ಲಾಸ್ಟಿಕ್ಕಿನ ಸ್ಯಾಕ್ಸೋಫೋನ್ ಕೊಂಡ. 1959ರ ನವೆಂಬರಿನಲ್ಲಿ ಅದನ್ನೇ ಹಿಡಿದು ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿಗೆ ಬಂದಾಗ ಊರಿನ ಘಟಾನುಘಟಿಗಳೆಲ್ಲ ಪರೀಕ್ಷಕರ ಗತ್ತಿನಲ್ಲಿ ಬಂದು ಕೂತರು. ಈ ಮನುಷ್ಯನಿಗೆ ಒಳಗೇ ಏನೋ ಕೆಟ್ಟಿದೆ ಅನ್ನುವ ಅರ್ಥದ ಮಾತಾಡಿದವರಲ್ಲಿ ಒಬ್ಬ ಯಾರು ಅಂದುಕೊಂಡಿರಿ? ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಅದೇ ಮೈಲ್ಸ್ ಡೇವಿಸ್.

ಅವನೊಬ್ಬನನ್ನೇ ಯಾಕೆ ಅನ್ನಬೇಕು? 1920ರ ದಶಕದಲ್ಲಿ ಜಾಝನ್ನೇ ತಲೆಕೆಳಗು ಮಾಡಿದ ಲೂಯಿ ಆರ್ಮ್‌ಸ್ಟ್ರಾಂಗ್, 1940ರ ದಶಕದಲ್ಲಿ ಬೀಬಾಪ್ ಎಂಬ ಹೊಸ ಬಿರುಸಿನ ಶೈಲಿ ಬಂದಾಗ 'ಅರ್ಥವೇ ಇಲ್ಲದ ಸ್ವರಗುಚ್ಛಗಳು' ಅಂತ ಮೂಗು ಮುರಿದಿದ್ದ.

1986ಕ್ಕೆ ನಾಟಕ ಇನ್ನೂ ರಂಗೇರಿತು. ವ್ಯಾಂಕೂವರ್‌ನ ವೇದಿಕೆಯ ಮೇಲೆ 60ರ ಮೈಲ್ಸ್. ಸುತ್ತ ಎಲೆಕ್ಟ್ರಿಕ್ ಗಿಟಾರು, ಸಿಂಥಸೈಜರು. ಕರೆಯದೆ ವೇದಿಕೆ ಹತ್ತಿದವನು 24ರ ವಿಂಟನ್ ಮಾರ್ಸಾಲಿಸ್. ಇವರೆಲ್ಲ ಜಾಝ್ ಕೆಡಿಸಿಬಿಟ್ಟರು ಅಂತ ಸೂಟು ಟೈ ಕಟ್ಟಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಹುಡುಗ. ಮೈಲ್ಸ್ ಇಡೀ ಬ್ಯಾಂಡನ್ನೇ ನಿಲ್ಲಿಸಿ ಅವನನ್ನು ಕೆಳಗಿಳಿಸಿದ. ಬೇರೆಲ್ಲ ಕಡೆ ಮುದುಕರು ಮಡಿ ಹೇಳುತ್ತಾರೆ, ಹುಡುಗರು ಮುರಿಯುತ್ತಾರೆ. ಇಲ್ಲಿ ಮೊಮ್ಮಗ ಮಡಿಯುಟ್ಟು ಬಂದು ತಾತನಿಗೆ ಆಚಾರ ಹೇಳಿದ.

ಮೊಮ್ಮಗ ಸುಮ್ಮನೆ ಕೂರಲಿಲ್ಲ. ಅವನ ಮುಂದಾಳತ್ವದ 'ಜಾಝ್ ಅಟ್ ಲಿಂಕನ್ ಸೆಂಟರ್' ಎಂಬ ಸಂಸ್ಥೆ 2004ರಲ್ಲಿ ಮ್ಯಾನ್‌ಹ್ಯಾಟನ್ನಿನ ಕೊಲಂಬಸ್ ಸರ್ಕಲ್‌ನಲ್ಲಿ, ಶಾಪಿಂಗ್ ಮಾಲ್ ಇರುವ ಗಾಜಿನ ಕಟ್ಟಡದಲ್ಲೇ, 10 ಕೋಟಿ ಡಾಲರಿಗೂ ಮೀರಿದ ಖರ್ಚಿನಲ್ಲಿ ಸ್ವಂತ ಮನೆ ಮಾಡಿಕೊಂಡಿತು. ಅದರೊಳಗಿನ ಕ್ಲಬ್ಬಿಗಿಟ್ಟ ಹೆಸರು 'ಡಿಝೀಸ್ ಕ್ಲಬ್ ಕೋಕ-ಕೋಲ'. ನಾನು ಕಟ್ಟಿದ್ದಲ್ಲ, ಆಗ ಅದೇ ಹೆಸರು. ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ 1964ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತೇನೆಂದು ಹೊರಟು, ಗೆದ್ದರೆ ಶ್ವೇತಭವನದ ಹೆಸರನ್ನು 'ಬ್ಲೂಸ್ ಹೌಸ್' ಅಂತ ಬದಲಿಸುತ್ತೇನೆ, ಸಿಐಎಗೆ ಮೈಲ್ಸ್‌ನನ್ನು ಮುಖ್ಯಸ್ಥನನ್ನಾಗಿ ಮಾಡುತ್ತೇನೆ ಅಂದಿದ್ದ ಆಸಾಮಿ. ಅಂಥವನ ಹೆಸರಿನ ಬೆನ್ನಿಗೆ ಸೋಡಾ ಬಾಟಲಿ ಕಟ್ಟಿ ಸಂಪ್ರದಾಯ ಕಾಪಾಡಿದರು. ಮಾರ್ಸಾಲಿಸ್ ಅದ್ಭುತವಾಗಿ ಟ್ರಂಪೆಟ್ ನುಡಿಸುತ್ತಾನೆ, ಹಳೇ ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್‌ನ ಸ್ವರಲಿಪಿಗಳನ್ನು ಊರೂರಿನ ಶಾಲೆಗಳಿಗೆ ಮುಟ್ಟಿಸಿದ ಪುಣ್ಯವೂ ಅವನದೇ. ನನ್ನ ತಕರಾರು ವಾದ್ಯದ ಮೇಲಲ್ಲ, ಬಾಗಿಲಲ್ಲಿ ಕೂತ ಕಾವಲಿನ ಮೇಲೆ.

ಈ ಕಾವಲಿಗೆ ತಕ್ಕ ಶಾಸ್ತಿ ಮಾಡಿದವರು 'ಮೋಸ್ಟ್ಲಿ ಅದರ್ ಪೀಪಲ್ ಡು ದ ಕಿಲ್ಲಿಂಗ್' ಎಂಬ ಕಿಡಿಗೇಡಿ ಬ್ಯಾಂಡಿನವರು. ಪ್ರಯೋಗಶೀಲರು ಅಂತಲೇ ಅವರಿಗೆ ಹೆಸರು. 2014ರಲ್ಲಿ 'ಬ್ಲೂ' ಅಂತ ಒಂದು ಆಲ್ಬಂ ತಂದರು. ಅದು 'ಕೈಂಡ್ ಆಫ್ ಬ್ಲೂ'ವಿನ ಪಡಿಯಚ್ಚು, ಸ್ವರಕ್ಕೆ ಸ್ವರ, ಉಸಿರಿಗೆ ಉಸಿರು. ಮೂಲದಲ್ಲಿ ಕ್ಯಾನನ್‌ಬಾಲ್ ಆಡರ್ಲಿ ಮತ್ತು ಜಾನ್ ಕೋಲ್ಟ್ರೇನ್ ಇಬ್ಬರು ಸ್ಯಾಕ್ಸೋಫೋನಿನಲ್ಲಿ ನುಡಿಸಿದ್ದನ್ನು ಇಲ್ಲಿ ಜಾನ್ ಇರಬಗಾನ್ ಒಬ್ಬನೇ ಎರಡು ಸಲ ಕೂತು ನುಡಿಸಿದ. ಮೂಲದ ಮೊದಲ ಹಾಡಿನಲ್ಲಿ ಮೈಲ್ಸ್‌ನ ಸೋಲೋ ಶುರುವಾಗುವ ಕ್ಷಣ ಡ್ರಮ್ಮರ್ ಜಿಮ್ಮಿ ಕಾಬ್ ಸಿಂಬಲ್ ಎಂಬ ತಾಳದ ತಟ್ಟೆಗೆ ಒಂದು ಹೊಡೆತ ಕೊಡುತ್ತಾನೆ. ಜೋರಾಯಿತೇನೋ ಅಂತ ಕಾಬ್‌ಗೇ ಅಳುಕಿತ್ತಂತೆ. ನಕಲಿನಲ್ಲಿ ಆ ಅಳುಕಿನ ಹೊಡೆತವೂ ಅಷ್ಟೇ ಜೋರಾಗಿ ಬೀಳಬೇಕು, ಅಳುಕು ಮಾತ್ರ ಇರಬಾರದು. ಮೈಲ್ಸ್‌ನ ಜೊತೆಗಾರರು ಎರಡೇ ದಿನದಲ್ಲಿ, ಮಾರ್ಚ್ 2 ಮತ್ತು ಏಪ್ರಿಲ್ 22, ಕೈಗೆ ಸಿಕ್ಕ ಅರೆಬರೆ ಟಿಪ್ಪಣಿ ನೋಡಿಕೊಂಡು ನುಡಿಸಿ ಮನೆಗೆ ಹೋಗಿದ್ದರು. ಅದನ್ನು ಕಂಠಪಾಠ ಮಾಡಲು ಇವರು ಬಹುಕಾಲ ಬೆವರು ಸುರಿಸಿದರು.

ಸಂಪ್ರದಾಯ ಉಳಿಸಿ ಅಂತ ಬಾಯಿ ಬಡಿದುಕೊಳ್ಳುತ್ತೀರಲ್ಲ, ಇಗೊಳ್ಳಿ, ಒಂದು ಸ್ವರವೂ ಆಚೀಚೆ ಇಲ್ಲ. ಆಗ ಆದದ್ದೇ ತಮಾಷೆ. ಇದು ಜಾಝೇ ಅಲ್ಲ, ಹುಚ್ಚಾಟ ಅಂತ ಕೆಲವರಿಗೆ ಸಿಟ್ಟು ಬಂತು. ಎಷ್ಟು ಧೀರ ಪ್ರಯೋಗ ಅಂತ ಕೆಲವರು ಮೆಚ್ಚಿದರು. ಸಂಪ್ರದಾಯವನ್ನು ನೂರಕ್ಕೆ ನೂರು ಪಾಲಿಸಿದರೆ ಅದೂ ಪ್ರಯೋಗವಾಗಿಬಿಡುತ್ತದೆ ಅಂತಾಯಿತು. ತಿಥಿ ಮಾಡುವ ಉತ್ಸಾಹದಲ್ಲಿ ಸತ್ತವರನ್ನೇ ಎಬ್ಬಿಸಿ ಎಲೆಯ ಮುಂದೆ ಕೂರಿಸಿದರೆ ಪುರೋಹಿತರು ಗಾಬರಿಯಾಗದೆ ಇರುತ್ತಾರೆಯೇ?

ಇದರ ಒಂದು ಎಳೆ ನಮ್ಮ ಕಡೆಗೂ ಬಂದಿದೆ. ಬಂಟ್ವಾಳ ತಾಲ್ಲೂಕಿನ ನಾಗಸ್ವರದ ಮನೆಯ ಕದ್ರಿ ಗೋಪಾಲನಾಥರು ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ವರ್ಷಗಟ್ಟಲೆ ಗುದ್ದಾಡಿ ಅದರಿಂದ ಗಮಕ ಹೊರಡಿಸಿದರು. ಅಮೆರಿಕದಲ್ಲಿ ಜಾಝ್ ನುಡಿಸುವ ರುದ್ರೇಶ್ ಮಹಾಂತಪ್ಪನವರಿಗೆ ಅವರ ಸಹೋದರ ತಮಾಷೆಗೆಂದು ಕೊಟ್ಟ ಉಡುಗೊರೆ ಈ ಕದ್ರಿಯವರ ಆಲ್ಬಂ. ತಮಾಷೆ ಬೆಳೆದು 2008ಕ್ಕೆ ಇಬ್ಬರೂ ಸೇರಿ 'ಕಿನ್ಸ್‌ಮೆನ್' ತಂದರು. ಒಬ್ಬರಿಗೆ ರಾಗ ಸಂಪ್ರದಾಯ, ಸ್ಯಾಕ್ಸೋಫೋನ್ ಪ್ರಯೋಗ; ಇನ್ನೊಬ್ಬರಿಗೆ ಸ್ಯಾಕ್ಸೋಫೋನ್ ಸಂಪ್ರದಾಯ, ರಾಗ ಪ್ರಯೋಗ. ಇಂಥ ಅರ್ಜಿಗೆ ಯಾವ ಕೌಂಟರಿನಲ್ಲಿ ಸೀಲು ಹಾಕಿಸಬೇಕು ಅಂತ ಕಾವಲುಗಾರರೇ ಹೇಳಲಿ.

ಸೀಲು ಅಂದರೆ ಅಮೆರಿಕದಲ್ಲಿ ಪತ್ರಿಕೋದ್ಯಮ, ಸಾಹಿತ್ಯ, ಸಂಗೀತಕ್ಕೆ ಪ್ರಶಸ್ತಿ ಕೊಡುವ ಪುಲಿಟ್ಜರ್ ಬೋರ್ಡಿನದೇ ಸೀಲು. 1965ರಲ್ಲಿ ಡ್ಯೂಕ್ ಎಲಿಂಗ್ಟನ್‌ಗೆ ವಿಶೇಷ ಗೌರವ ಕೊಡಿ ಅಂತ ಸಂಗೀತದ ತೀರ್ಪುಗಾರರು ಶಿಫಾರಸು ಮಾಡಿದರು. ಬೋರ್ಡು ಒಲ್ಲೆ ಅಂದಿತು. ಮೂವರು ತೀರ್ಪುಗಾರರಲ್ಲಿ ಇಬ್ಬರು ರಾಜೀನಾಮೆ ಬಿಸಾಕಿದರು. 66 ವರ್ಷದ ಎಲಿಂಗ್ಟನ್ ಮಾತ್ರ, ವಿಧಿಗೆ ನನ್ನ ಮೇಲೆ ಕರುಣೆ, ಇಷ್ಟು ಎಳೆ ವಯಸ್ಸಿಗೇ ಅಷ್ಟೊಂದು ಪ್ರಸಿದ್ಧನಾಗುವುದು ಬೇಡ ಅಂತಿದೆ ಅಂದ. 1974ರಲ್ಲಿ ತೀರಿಕೊಂಡ. 1999ರಲ್ಲಿ, ಹುಟ್ಟಿ ನೂರು ವರ್ಷ ತುಂಬಿದ ನೆಪದಲ್ಲಿ, ಗೌರವ ಬಂತು. ಪೊಲೀಸರು ಪರವಾನಗಿ ಕಾರ್ಡು ಕಿತ್ತುಕೊಂಡದ್ದರಿಂದ 1951ರಿಂದ ಆರು ವರ್ಷ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ನುಡಿಸಲಾಗದೆ ಕೂತಿದ್ದ ಪಿಯಾನೋ ವಾದಕ ಥೆಲೋನಿಯಸ್ ಮಾಂಕ್‌ಗೆ 2006ರಲ್ಲಿ. ಸತ್ತು 24 ವರ್ಷವಾಗಿತ್ತು. 1961ರಲ್ಲಿ 'ಜಾಝ್-ವಿರೋಧಿ' ಅಂತ ಪತ್ರಿಕೆಯಲ್ಲಿ ಬೈಸಿಕೊಂಡ ಕೋಲ್ಟ್ರೇನ್‌ಗೆ 2007ರಲ್ಲಿ. ಸತ್ತು 40 ವರ್ಷ.

ಬದುಕಿದ್ದೂ ಸಂಪ್ರದಾಯವಾಗುವ ಅಡ್ಡದಾರಿ ಒಂದಿದೆ. ಜಾಝ್‌ಗೆ ಮೊದಲ ಬಾರಿ ಸಂಗೀತದ ಪೂರ್ಣ ಪುಲಿಟ್ಜರ್ ಸಿಕ್ಕಿದ್ದು 1997ರಲ್ಲಿ, ವಿಂಟನ್ ಮಾರ್ಸಾಲಿಸ್‌ಗೆ. ಆದರೆ ಕೋಲ್ಟ್ರೇನ್‌ನ ಶ್ರಾದ್ಧದ ವರ್ಷವೇ ಅಡುಗೆಮನೆಯಲ್ಲಿ ಏನೋ ಎಡವಟ್ಟಾಯಿತು. 77 ವರ್ಷದ ಆರ್ನೆಟ್ ಕೋಲ್ಮನ್‌ಗೂ ಅದೇ ಪ್ರಶಸ್ತಿ ಬಂತು. ಅವನು ಜೀವಂತವಾಗಿದ್ದ, ಆ ಹಳೇ ಹಠವನ್ನೇ ಇನ್ನೂ ನುಡಿಸುತ್ತಿದ್ದ. ಇಂಥ ಲೋಪ ಮರುಕಳಿಸದಂತೆ ಬೋರ್ಡಿನವರು ಅರ್ಜಿ ನಮೂನೆಯಲ್ಲಿ ಒಂದು ಕಾಲಂ ಸೇರಿಸುವುದು ಒಳ್ಳೆಯದು: 'ಅರ್ಜಿದಾರರು ತೀರಿಕೊಂಡ ದಿನಾಂಕ. ಇನ್ನೂ ತೀರಿಕೊಂಡಿರದಿದ್ದಲ್ಲಿ ಸೂಕ್ತ ಕಾರಣ ನೀಡುವುದು.'