ಸೇವಾರ್ಥ

ಶಬರಿಮಲೆಯ ಚಿನ್ನ ತಾಮ್ರವಾದ ಕಥೆಯನ್ನು ಇನ್ನೊಮ್ಮೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. 2019ರಲ್ಲಿ ದ್ವಾರಪಾಲಕ ವಿಗ್ರಹಗಳ ಮೈಮೇಲಿನ ಚಿನ್ನ ಹೊದಿಸಿದ ತಗಡು ಕಡತದಲ್ಲಿ ‘ತಾಮ್ರ’ ಅಂತ ಬರೆಸಿಕೊಂಡು, ಮೆರುಗಿಗೆಂದು ಹೊರಟು, ಚೆನ್ನೈ ಮುಟ್ಟುವಷ್ಟರಲ್ಲಿ 4.5 ಕಿಲೋ ಇಳಿದಿತ್ತು. 41 ದಿನ ಮಂಡಲ ವ್ರತ ಮಾಡಿದವರೂ ಇಷ್ಟು ಇಳಿಯುವುದಿಲ್ಲ. ಯಾರು ಏನು ಮಾಡಿದರೋ ಕೋರ್ಟು ನೋಡಿಕೊಳ್ಳಲಿ. ನನಗೆ ನೆನಪಾದದ್ದು 1998ರಲ್ಲಿ ಆ ಗುಡಿಗೆ 30 ಕಿಲೋ ಚಿನ್ನ ಕೊಟ್ಟ ನಮ್ಮ ವಿಜಯ್ ಮಲ್ಯ. ಮೊದಲು ಬ್ಯಾಂಕುಗಳು ಸಾಲ ತೀರಿಸದ ದಾನಿಯನ್ನು ಹುಡುಕಿದವು, ಈಗ ಪೊಲೀಸರು ದಾನವನ್ನು ಹುಡುಕುತ್ತಿದ್ದಾರೆ. ದಾನಿಯಾದರೂ ಲಂಡನ್ನಿನಲ್ಲಿದ್ದಾರೆಂದು ಗೊತ್ತು.

ಮಲ್ಯರ ಭಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. 2012ರ ಡಿಸೆಂಬರಿನಲ್ಲಿ, 57ನೇ ಹುಟ್ಟುಹಬ್ಬಕ್ಕೆ, ತಿರುಮಲೆಗೆ 3 ಕಿಲೋ ಚಿನ್ನ ಒಪ್ಪಿಸಿದರು. ಎಷ್ಟೆಂದರೂ ತಿಮ್ಮಪ್ಪನೂ ಮದುವೆಗೆಂದು ಕುಬೇರನ ಹತ್ತಿರ ಸಾಲ ಮಾಡಿ, ಇವತ್ತಿಗೂ ಬಡ್ಡಿ ಕಟ್ಟುತ್ತಿರುವವನು. ಸಾಲಗಾರನ ಸಂಕಟ ಸಾಲಗಾರನಿಗೇ ಗೊತ್ತು. ಆದರೆ ತಿಮ್ಮಪ್ಪನದು ಹಳೇ ಕಾಲದ ನಡತೆ. ಬೆಟ್ಟ ಬಿಟ್ಟು ಎಲ್ಲೂ ಹೋಗಲಿಲ್ಲ, ನಿಂತಲ್ಲೇ ನಿಂತು ಕಂತು ಕಟ್ಟುತ್ತಿದ್ದಾನೆ. ಕುಬೇರನಿಗೆ ಲುಕ್‌ಔಟ್ ನೋಟಿಸ್ ಹೊರಡಿಸುವ ಪ್ರಸಂಗವೇ ಬರಲಿಲ್ಲ. 2009ರಲ್ಲಿ ಬಳ್ಳಾರಿಯ ಗಣಿಧಣಿ ಜನಾರ್ದನ ರೆಡ್ಡಿಯವರು ಅದೇ ತಲೆಗೆ 40 ಕೋಟಿ ಮೀರಿದ ವಜ್ರದ ಕಿರೀಟ ತೊಡಿಸಿದರು. 2011ರಲ್ಲಿ ಅಕ್ರಮ ಗಣಿಗಾರಿಕೆಯ ಕೇಸಿಗೆ ಸಿಬಿಐ ಬಂದದ್ದು ರೆಡ್ಡಿಯವರ ಮನೆಗೆ, ಬೆಟ್ಟ ಹತ್ತಲಿಲ್ಲ.

ನಮ್ಮ ಬಡಾವಣೆಯ ಗುಡಿಗೂ ಒಬ್ಬ ದಾನಿಯಿದ್ದಾರೆ, ಅಳತೆ ಸ್ವಲ್ಪ ಸಣ್ಣದು. ಟ್ಯೂಬ್‌ಲೈಟಿನ ಮೇಲೆ ಹೆಸರು ಬರೆಸಿ ಬೆಳಕು ಕೆಡಿಸುವುದು ಹಳೇ ಜೋಕು. ಇವರು ಫ್ಯಾನು ಕೊಟ್ಟರು. ಒಂದು ರೆಕ್ಕೆಯ ಮೇಲೆ ‘ಸೇವಾರ್ಥ’, ಇನ್ನೊಂದರ ಮೇಲೆ ಹೆಸರು, ಮೂರನೆಯದರ ಮೇಲೆ ‘ಮತ್ತು ಕುಟುಂಬ’, ಎಲ್ಲ ಕೆಂಪು ಪೇಂಟು. ತಿರುಗಿದರೆ ಒಂದು ಕೆಂಪು ಬಳೆ ಕಾಣುತ್ತದೆ ಅಷ್ಟೆ. ಹಾಗಾಗಿ ಅವರು ಚಪ್ಪಲಿ ಬಿಡುವುದು ಕಂಡರೆ ಸಾಕು, ಅರ್ಚಕರು ಮೆಲ್ಲಗೆ ಸ್ವಿಚ್ಚು ಆರಿಸುತ್ತಾರೆ. ಏಪ್ರಿಲ್ ತಿಂಗಳು, ಧೂಪದ ಹೊಗೆ, ನಾವೆಲ್ಲ ಬೆವರುತ್ತಾ ತಲೆಯೆತ್ತಿ ಓದುತ್ತೇವೆ.

ತೆರಿಗೆಗೆ ಈ ರೆಕ್ಕೆ ಇಲ್ಲ, ಅದೇ ಅದರ ದೋಷ. ಶಾಲು ಹೊದಿಸುವುದಿಲ್ಲ, ಫಲತಾಂಬೂಲ ಕೊಡುವುದಿಲ್ಲ, ಗೋತ್ರ ನಕ್ಷತ್ರ ಬಿಟ್ಟು ಪ್ಯಾನ್ ನಂಬರು ಕೇಳುತ್ತಾರೆ. ಮಾನವಂತರು ಹೇಗೆ ಕಟ್ಟಿಯಾರು? ಸತ್ತವರ ಆಸ್ತಿಯ ಮೇಲಿನ ತೆರಿಗೆ 1985ರಲ್ಲೇ ಸತ್ತಿತ್ತು. 1957ರಿಂದ ಇದ್ದ ಸಂಪತ್ತು ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಅರುಣ್ ಜೇಟ್ಲಿ ತೆಗೆದರು. ವಸೂಲಿ ಸಾವಿರ ಕೋಟಿ ಚಿಲ್ಲರೆ, ರಗಳೆ ಜಾಸ್ತಿ ಅಂತ. ಬದಲಿಗೆ ಕೋಟಿ ಮೀರಿದ ಆದಾಯಕ್ಕೆ ಶೇ. 2 ಸರ್‌ಚಾರ್ಜ್ ಹಾಕಿದರು, ಇಲ್ಲ ಅನ್ನಬಾರದು. ಆದಾಯ ಕಾಣಿಸಿದರೆ ತಾನೆ! 2022ರ ಜುಲೈಯಲ್ಲಿ ಪ್ಯಾಕೆಟ್ ಮೊಸರಿಗೂ ಶೇ. 5 ಜಿಎಸ್‌ಟಿ ಬಿತ್ತು. ಮೊಸರನ್ನು ಹಿಡಿಯುವುದು ಸುಲಭ, ಲಂಡನ್ನಿಗೆ ಹೋಗುವುದಿಲ್ಲ.

ನಗುವುದು ಸಾಕಾಯಿತು. ಆ 3 ಕಿಲೋ ಚಿನ್ನ ಬೆಟ್ಟ ಹತ್ತುವಾಗ ಮಲ್ಯರ ಕಿಂಗ್‌ಫಿಷರ್ ವಿಮಾನಗಳು ನೆಲ ಹಿಡಿದು ಎರಡು ತಿಂಗಳಾಗಿತ್ತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಹಿಂದೆ ಕೊಟ್ಟ ಸಂಬಳದಲ್ಲಿ ಮುರಿದುಕೊಂಡ ಟಿಡಿಎಸ್ ತೆರಿಗೆಯನ್ನೂ ಕಂಪನಿ ಸರ್ಕಾರಕ್ಕೆ ಪೂರ್ತಿ ಕಟ್ಟಿರಲಿಲ್ಲ. ಅಂದರೆ ದುಡಿದವನು ತೆರಿಗೆ ತೆತ್ತ, ಅದು ಖಜಾನೆ ಮುಟ್ಟಲಿಲ್ಲ, ಚಿನ್ನ ಮಾತ್ರ ಸರಿಯಾದ ಮುಹೂರ್ತಕ್ಕೆ ದೇವರನ್ನು ಮುಟ್ಟಿತು. ಅತ್ತೆಯ ಧನ ಅಳಿಯ ದಾನ ಮಾಡಿದ ಅಂತ ನಮ್ಮಜ್ಜಿ ಅನ್ನುತ್ತಿದ್ದಳು. ಇದಕ್ಕೆ ನಾವು ಕೈಮುಗಿದು ಭಕ್ತಿ ಅನ್ನಬೇಕು. ಅನ್ನುತ್ತಲೂ ಇದ್ದೇವೆ.

ನಿನ್ನೆ ಗುಡಿಗೆ ಹೋದರೆ ಫ್ಯಾನು ಕೆಟ್ಟು ನಿಂತಿದೆ. ಕೆಪಾಸಿಟರ್ ಹೋಗಿದೆಯಂತೆ, 80 ರೂಪಾಯಿ. ಹಾಕಿಸಲು ಯಾರೂ ಮುಂದೆ ಬಂದಿಲ್ಲ. ಹೆಸರು ಬರೆಸಲು ನಾಲ್ಕನೆಯ ರೆಕ್ಕೆ ಇಲ್ಲವಲ್ಲ.