ವಾಟ್ಸನ್ ಕೈತಪ್ಪಿದರೆ ಹೋಮ್ಸ್ ಉಳಿಯುವುದಿಲ್ಲ

ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಹೊಸ ಕಥೆ ಬರೆಯಲು ಕೂತವರು ಮೊದಲು ಹುಡುಕುವುದೇ ದೊಡ್ಡ ಪ್ರಕರಣವನ್ನು. ಅವನ ಪರಮ ಶತ್ರು ಮೊರಿಯಾರ್ಟಿ ಬರಬೇಕು, ಅವನನ್ನು ಸೋಲಿಸಿದ ಐರೀನ್ ಆಡ್ಲರ್ ಬರಬೇಕು, 1888ರ ಲಂಡನ್ ಅಂದಮೇಲೆ ಸರಣಿ ಕೊಲೆಗಾರ ಜ್ಯಾಕ್ ದ ರಿಪ್ಪರ್ ಬರದಿದ್ದರೆ ಹೇಗೆ, ಕೊನೆಗೆ ವಿಕ್ಟೋರಿಯಾ ರಾಣಿಯ ಪ್ರಾಣಕ್ಕೇ ಕುತ್ತು. ಹತ್ತನೇ ಪುಟಕ್ಕೆ ಓದುವವರಿಗೆ ಸುಸ್ತು.

ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅವನ ಬಗ್ಗೆ 1887ರಿಂದ 1927ರ ನಡುವೆ ಪ್ರಕಟಿಸಿದ್ದು 4 ಕಾದಂಬರಿ, 56 ಸಣ್ಣಕಥೆ. ಇಷ್ಟರಲ್ಲಿ ಮೊರಿಯಾರ್ಟಿಗೆ ನಿಜವಾದ ಕೆಲಸ ಇರುವುದು ಎರಡರಲ್ಲಿ. ಐರೀನ್ ಪಾತ್ರವಾಗಿ ಬರುವುದು ಒಂದೇ ಒಂದರಲ್ಲಿ. ಮೊದಲ ಸಂಕಲನದ 12 ಕಥೆಗಳಲ್ಲಿ ಕೊಲೆಯೇ ತಿರುಳಾಗಿರುವುದು ಮೂರರಲ್ಲಿ ಮಾತ್ರ. ಉಳಿದವು ಯಾವುವು ಅಂತೀರಿ? ರಾಜನೊಬ್ಬನ ನಿದ್ದೆಗೆಡಿಸಿದ ಫೋಟೋ, ಮದುವೆಯ ದಿನ ನಾಪತ್ತೆಯಾದ ವರ, ಹೆಬ್ಬಾತಿನ ಗಂಟಲಚೀಲದಲ್ಲಿ ಸಿಕ್ಕ ಹರಳು, ಸಂಬಳ ಜಾಸ್ತಿ ಕೊಡುತ್ತೇನೆ ಆದರೆ ಕೂದಲು ಕತ್ತರಿಸಿಕೋ ಅನ್ನುವ ಯಜಮಾನ. ಇಂಥ ಸಣ್ಣ ವಿಚಿತ್ರಗಳು ರೋಮಾಂಚಕವಾಗಿ ಕಾಣುವುದು ಹೇಳುವವನಿಂದ, ಅಂದರೆ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್‌ನಿಂದ. ಹೊಸದಾಗಿ ಬರೆಯುವವರು ಹೋಮ್ಸ್‌ನನ್ನು ಕಟ್ಟಲು ಇಡೀ ಶಕ್ತಿ ಸುರಿದು, ವಾಟ್ಸನ್‌ನನ್ನು "ಅದ್ಭುತ ಹೋಮ್ಸ್!" ಅನ್ನಲಿಕ್ಕಷ್ಟೇ ಇಟ್ಟುಕೊಳ್ಳುತ್ತಾರೆ. ಕಥೆ ಅಲ್ಲೇ ಸತ್ತುಹೋಗುತ್ತದೆ.

ಆ 56ರಲ್ಲಿ 52 ಕಥೆಗಳನ್ನು ಹೇಳುವವನು ವಾಟ್ಸನ್. ಎರಡು ಕಥೆ ಪ್ರಥಮ ಪುರುಷದಲ್ಲಿವೆ, ಅಂದರೆ 'ಅವನು' ಎನ್ನುವ ನಿರೂಪಣೆಯಲ್ಲಿ. ಇನ್ನೆರಡನ್ನು ಹೋಮ್ಸ್ ತಾನೇ ಹೇಳುತ್ತಾನೆ. ಪೆನ್ನು ಹಿಡಿದ ಕೂಡಲೇ, ಓದುಗನಿಗೆ ರುಚಿಸುವಂತೆ ಹೇಳುವುದು ತಮಾಷೆಯಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಆ ನಾಲ್ಕೂ ಒಳ್ಳೆಯ ಹೋಮ್ಸ್ ಕಥೆಗಳ ಪಟ್ಟಿಯಲ್ಲಿ ಮೇಲೆ ಬರುವುದಿಲ್ಲ. ಡಾಯ್ಲ್‌ಗೇ ಆಗದ್ದು ನಮಗೆ ಆದೀತೆ?

ಹಳೆಯ ಹಾಲಿವುಡ್ ಚಿತ್ರಗಳು ವಾಟ್ಸನ್‌ನನ್ನು ಪೆದ್ದನನ್ನಾಗಿ ಮಾಡಿಟ್ಟವು. ಮೂಲದ ವಾಟ್ಸನ್ ಸೇನೆಯ ಸರ್ಜನ್, 1880ರಲ್ಲಿ ಅಫ್ಘಾನಿಸ್ತಾನದ ಮೈವಾಂದ್ ಯುದ್ಧದಲ್ಲಿ ಗುಂಡೇಟು ತಿಂದವನು, ಅಪಾಯದ ಹೊತ್ತಿಗೆ ರಿವಾಲ್ವರ್ ಹಿಡಿದು ಪಕ್ಕದಲ್ಲಿ ನಿಲ್ಲುವವನು. ಪಿಂಚಣಿಯ ಅರ್ಧದಷ್ಟನ್ನು ಕುದುರೆ ಜೂಜಿಗೆ ಸುರಿಯುವವನೂ ಹೌದು. ಅವನು ಎಲ್ಲವನ್ನೂ ನೋಡುತ್ತಾನೆ, ನೋಡಿದ್ದನ್ನು ಪ್ರಾಮಾಣಿಕವಾಗಿ ಬರೆಯುತ್ತಾನೆ. ಆದರೆ ಪ್ರತಿಯೊಂದಕ್ಕೂ ಒಂದು ಸಭ್ಯ, ಸಾಮಾನ್ಯ ಅರ್ಥ ಹಚ್ಚಿಬಿಡುತ್ತಾನೆ. ಈ ಕೊನೆಯ ಗುಣವೇ ನಿಮ್ಮ ಬಂಡವಾಳ. ಸುಳಿವನ್ನು ಬಚ್ಚಿಡಬೇಕಿಲ್ಲ, ವಾಟ್ಸನ್ ಕೈಯಲ್ಲಿ ತಪ್ಪು ಅರ್ಥದೊಂದಿಗೆ ಬಹಿರಂಗವಾಗಿ ಹೇಳಿಸಿದರೆ ಸಾಕು.

ಒಂದು ಕಥೆಯನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿ ತೋರಿಸುತ್ತೇನೆ. ಬೇಕಿದ್ದವರು ಎತ್ತಿಕೊಂಡು ಬರೆಯಬಹುದು.

ಮೊದಲು ಉತ್ತರ. ಹಳೆಯ ಎಸ್ಟೇಟೊಂದು ಕಾನೂನುಬದ್ಧ ವಿವಾಹದ ಸಂತಾನಕ್ಕೆ ಮಾತ್ರ ಸಲ್ಲಬೇಕು ಅಂತ ಕಟ್ಟುಪಾಡು. ಮನೆಯ ಹಿರಿಯನ ಮೊದಲ ಹೆಂಡತಿ ದೂರದ ತವರಿನಲ್ಲಿ ತೀರಿಕೊಂಡದ್ದು 1823ರಲ್ಲಿ, ಅವನು ಎರಡನೇ ಮದುವೆಯಾದದ್ದು 1825ರಲ್ಲಿ, ಮಗ ಹುಟ್ಟಿದ್ದು 1826ರಲ್ಲಿ. ಈಗ 1886. ದಾಯಾದಿಯೊಬ್ಬ ಆಸ್ತಿ ಹೊಡೆಯಬೇಕಾದರೆ ಏನು ಮಾಡಬೇಕು? ಮೊದಲ ಹೆಂಡತಿ ಸತ್ತದ್ದು 1828ರಲ್ಲಿ ಎಂದು ತೋರಿಸಿದರೆ ಸಾಕು. ಎರಡನೇ ಮದುವೆ ಬಿದ್ದುಹೋಗುತ್ತದೆ, ಮಗನೂ ಅವನ ಸಂತತಿಯೂ ಹಕ್ಕು ಕಳೆದುಕೊಳ್ಳುತ್ತಾರೆ. ತಂದೆತಾಯಿ ಆಮೇಲೆ ಮದುವೆಯಾದರೂ ಮಗುವಿಗೆ ಹಕ್ಕು ಬರುವ ಕಾನೂನು ಇಂಗ್ಲೆಂಡಿಗೆ ಬಂದದ್ದು 1926ರಲ್ಲಿ. ಅಂದರೆ ಸಮಾಧಿಕಲ್ಲಿನ ಮೇಲಿನ ಒಂದು 3 ಅನ್ನು 8 ಮಾಡಿದರೆ ಎಸ್ಟೇಟು ಕೈಗೆ. ಕಲ್ಲಿನಲ್ಲಿ ಕೆತ್ತಿದ್ದನ್ನು ಅಳಿಸುವುದು ಕಷ್ಟ, ಸೇರಿಸುವುದು ಸುಲಭ. 3ರಿಂದ 8 ಆಗುತ್ತದೆ, 8ರಿಂದ 3 ಆಗುವುದಿಲ್ಲ. ಇಂಥ ಸಣ್ಣ ಭೌತಿಕ ಸತ್ಯವೊಂದು ಕಥೆಯ ತಳದಲ್ಲಿರಬೇಕು.

ಇಲ್ಲಿ ಇಸವಿ ಯಾಕೆ ಇಷ್ಟು ಹಿಂದೆ? ಇಂಗ್ಲೆಂಡಿನಲ್ಲಿ ಸರಕಾರಿ ಜನನ ಮರಣ ನೋಂದಣಿ ಶುರುವಾದದ್ದು 1837ರಲ್ಲಿ. ಆಮೇಲಿನ ಸಾವಾದರೆ ಹೋಮ್ಸ್ ಆ ದಾಖಲೆಗಳಿದ್ದ ಲಂಡನ್ನಿನ ಸಾಮರ್ಸೆಟ್ ಹೌಸ್‌ಗೆ ಹೋಗಿ ಸೂಚಿ ತಿರುವಿ ಊಟದ ಹೊತ್ತಿಗೆ ವಾಪಸ್ಸು ಬರುತ್ತಾನೆ, ಕಥೆ ಮುಗಿಯಿತು. ಹೊಸ ಲೇಖಕರ ಆಸ್ತಿ ಕಥೆಗಳು ಬಹುಪಾಲು ಕುಸಿಯುವುದು ಈ ಗುಂಡಿಯಲ್ಲಿ. 1823 ಆದರೆ ಚರ್ಚಿನ ದಫ್ತರ ಒಂದೇ ಗತಿ. ಆ ಪುಟ ಹರಿದಿದೆ. ಖಳನಿಗೆ ಗೊತ್ತಿಲ್ಲದ್ದು, ಆ ದಫ್ತರದ ನಕಲು ವರ್ಷವರ್ಷ ಬಿಷಪ್ ಕಚೇರಿಗೆ ಹೋಗುತ್ತಿತ್ತು ಅನ್ನುವುದು. ಹೋಮ್ಸ್‌ಗೆ ಗೊತ್ತು.

ಉತ್ತರ ಸಿಕ್ಕಿತು, ಈಗ ಗಾಳ. ಖಳ ಈ ಕೆಲಸಕ್ಕೆ ಕಲ್ಲುಕುಟಿಗನನ್ನು ಕರೆದರೆ ಸಾಕ್ಷಿ ಹುಟ್ಟಿತು. ಹಾಗಾಗಿ ತಾನೇ ಕಲಿಯಬೇಕು. ಹೋಮ್ಸ್‌ನ ಮನೆಯಿರುವ ಬೇಕರ್ ಸ್ಟ್ರೀಟಿಗೆ ಬರುವ ಕಕ್ಷಿದಾರ, ಖಳನಿಗೆ ಕಲಿಸಿದ ಕಲ್ಲುಕುಟಿಗನೇ: "ಸ್ವಾಮಿ, ಒಬ್ಬರು ದೊಡ್ಡಮನುಷ್ಯರು ಐದು ಗಿನಿ ಕೊಟ್ಟು ನನ್ನ ಹತ್ತಿರ ಒಂದೇ ಒಂದು ಅಂಕಿ ಕೆತ್ತುವುದನ್ನು ಕಲಿತರು. ಬರೀ 8. ಹೋಗುವಾಗ ನನ್ನದೊಂದು ಉಳಿ ಹೊತ್ತುಕೊಂಡು ಹೋಗಿದ್ದಾರೆ." ರಕ್ತವಿಲ್ಲ, ಶವವಿಲ್ಲ, ನಗು ಬರುವಂಥ ದೂರು. ಇದು ಡಾಯ್ಲ್ ಅಳತೆ.

ಐದು ಗಿನಿ ಎಷ್ಟು ಅನ್ನುವುದು ಓದುಗನಿಗೆ ತಟ್ಟಬೇಕು. ಗಿನಿ ಅಂದರೆ 21 ಶಿಲಿಂಗ್, ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್. ಡಾಯ್ಲ್ ಕಥೆಯ ಮನೆಪಾಠದ ಮೇಡಮ್ಮಿಗೆ ಹಿಂದಿನ ಕೆಲಸದಲ್ಲಿ ತಿಂಗಳಿಗೆ 4 ಪೌಂಡ್ ಇತ್ತು. ಅದಕ್ಕಿಂತ ಹೆಚ್ಚು ದುಡ್ಡು ಒಂದು ಅಂಕಿಗೆ! ಕೋಷ್ಟಕ ಕೊಡಬೇಡಿ, "ನನ್ನ ಹುಡುಗನ ತಿಂಗಳ ಕೂಲಿಗಿಂತ ಜಾಸ್ತಿ ಸ್ವಾಮಿ" ಅಂತ ಕಲ್ಲುಕುಟಿಗನ ಬಾಯಲ್ಲೇ ಬರಲಿ.

ಕಕ್ಷಿದಾರ ಬಾಗಿಲಲ್ಲಿ ಕಾಣಿಸಿದ ಕೂಡಲೇ ಹೋಮ್ಸ್ ಜಾತಕ ಹೇಳುತ್ತಾನಲ್ಲ, ಅದರ ಬಗ್ಗೆ. ಅದನ್ನೂ ಹಿಂದಿನಿಂದ ಕಟ್ಟಬೇಕು. ಮೊದಲು ಸತ್ಯ, ಆಮೇಲೆ ಅದರ ಕನಿಷ್ಠ ಎರಡು ಗುರುತು, ಅವೆರಡೂ ವಾಟ್ಸನ್ ಕಣ್ಣಿಗೂ ಬೀಳುವಂಥವು. ಒಂದೇ ಗುರುತಾದರೆ ಊಹೆ ಅನ್ನಿಸುತ್ತದೆ, ಐದಾದರೆ ಸರ್ಕಸ್ಸು. ಡಾಯ್ಲ್ ಬರೆದ 'ಸ್ಪೆಕಲ್ಡ್ ಬ್ಯಾಂಡ್' ಕಥೆಯ ಕಕ್ಷಿದಾರಳನ್ನು ನೋಡಿ: ಎಡತೋಳಿನ ಮೇಲೆ ಏಳು ಕಡೆ ಹಸಿ ಕೆಸರು, ಎಡಗೈ ಗವಸಿನಲ್ಲಿ ರಿಟರ್ನ್ ಟಿಕೆಟ್ಟಿನ ಅರ್ಧ ತುಂಡು. ಗಾಡಿಯಲ್ಲಿ ಸಾರಥಿಯ ಎಡಕ್ಕೆ ಕೂತು ಬಂದಿರಿ, ಆಮೇಲೆ ರೈಲು ಹತ್ತಿದಿರಿ ಅಂತ ಎರಡು ವಾಕ್ಯದಲ್ಲಿ ಮುಗಿಯಿತು. ನಮ್ಮ ಕಲ್ಲುಕುಟಿಗನಿಗೆ: ಪ್ಯಾಂಟಿನ ಬಲಮಂಡಿ ಮಾತ್ರ ಸವೆದಿದೆ, ಹುಬ್ಬಿನಲ್ಲಿ ಬಿಳಿ ಪುಡಿ ಇದೆ, ಹ್ಯಾಟಿನ ಮೇಲೆ ಇಲ್ಲ. ಒಂದು ಮಂಡಿಯೂರಿ ಕೆತ್ತುವವನು, ಇವತ್ತು ಬೆಳಿಗ್ಗೆ ಬರಿದಲೆಯಲ್ಲಿ ಕೆಲಸ ಮಾಡುತ್ತಿದ್ದವನು ಮುಖವನ್ನೂ ತೊಳೆಯದೆ ಓಡಿಬಂದಿದ್ದಾನೆ. ಗಾಬರಿಯ ಸುದ್ದಿಯೂ ಅದರಲ್ಲೇ ಬಂತು.

ಈಗ ಸ್ಮಶಾನ. ಅಲ್ಲಿ ವಾಟ್ಸನ್ ಬರೆಯುವುದು ಇಷ್ಟೇ: "ಕಲ್ಲುಹೂ ಹತ್ತಿ ಅಕ್ಷರಗಳೆಲ್ಲ ಮಸುಕಾಗಿದ್ದವು, ಪುಣ್ಯಕ್ಕೆ ಇಸವಿಯ ಕೊನೆಯ ಅಂಕಿ ಸ್ವಚ್ಛವಾಗಿ ಓದಲು ಬರುತ್ತಿತ್ತು." ಅರವತ್ತು ವರ್ಷದ ಕಲ್ಲಿನಲ್ಲಿ ಒಂದೇ ಅಂಕಿ ಯಾಕೆ ಸ್ವಚ್ಛ? ಹೊಸ ಕೆತ್ತನೆಯಲ್ಲಿ ಕಲ್ಲುಹೂ ಇರುವುದಿಲ್ಲ. ಇಡೀ ಕಥೆಯ ಕೀಲಿ ಓದುಗನ ಅಂಗೈಯಲ್ಲಿದೆ, ಆದರೆ "ಪುಣ್ಯಕ್ಕೆ" ಎಂಬ ಒಂದು ಮಾತು ಅವನ ಕಣ್ಣು ಕಟ್ಟಿತು. ಬಿಷಪ್ ನಕಲಿನ ಸುಳಿವನ್ನು ಪಾದ್ರಿಯ ಗೊಣಗಾಟದ ನಡುವೆ ತೂರಿಸಿ: ಸೋರುವ ಮಾಡು, ಗಂಟೆ ಹೊಡೆಯುವವನ ಕೆಮ್ಮು, ವರ್ಷವರ್ಷ ಬಿಷಪ್‌ಗೆ ನಕಲು ಬರೆದು ಕಳಿಸುತ್ತಿದ್ದ ಹಿಂದಿನ ಪಾದ್ರಿಯ ಕೆಟ್ಟ ಕೈಬರಹ, ಕಾಗೆ ಕಾಟ. ನಾಲ್ಕರಲ್ಲಿ ಮೂರನೆಯದು. ಪಟ್ಟಿಯ ಮೊದಲನೆಯದೂ ಕೊನೆಯದೂ ನೆನಪಲ್ಲಿ ಉಳಿಯುತ್ತವೆ, ಮಧ್ಯದ್ದು ಜಾರುತ್ತದೆ. ವಾಟ್ಸನ್‌ಗೆ ಆಗಲೇ ಆಕಳಿಕೆ ಬಂದಿರಲಿ.

ಉದ್ದದ ವಿಚಾರ. ಮೂಲದ ಸಾಧಾರಣ ಕಥೆ ಇಂಗ್ಲಿಷಿನಲ್ಲಿ 7,000ದಿಂದ 9,000 ಪದ. ವಿಭಕ್ತಿ ಅಂಟುವ ಕನ್ನಡದಲ್ಲಿ ಅದೇ ಹರವಿಗೆ 5,500 ಪದ ಸಾಕು. ಬೇಕರ್ ಸ್ಟ್ರೀಟಿನ ಆರಂಭಕ್ಕೆ 600, ಕಕ್ಷಿದಾರನ ಹೇಳಿಕೆಗೆ 1,500, ಸ್ಥಳ ಪರಿಶೀಲನೆಗೆ 1,700, ಕತ್ತಲಲ್ಲಿ ಕಾದು ಹಿಡಿಯುವುದಕ್ಕೆ 900, ವಿವರಣೆಗೆ 800. ಹೊಸಬರು ಕಕ್ಷಿದಾರನ ಮಾತನ್ನು 300 ಪದಕ್ಕೆ ಮೊಟಕು ಮಾಡಿ, ವಿವರಣೆಯನ್ನು 2,000ಕ್ಕೆ ಎಳೆಯುತ್ತಾರೆ. ಮುಂಚೆ ಹೇಳದ್ದನ್ನೆಲ್ಲ ಕೊನೆಯಲ್ಲಿ ಹೇಳಬೇಕಾಗಿ ಬಂದರೆ ಹಾಗೇ ಆಗುವುದು.

ಇಸವಿ ಆರಿಸುವಾಗಲೂ ವಾಟ್ಸನ್‌ನನ್ನೇ ಕೇಳಿ. 1881ರಿಂದ ಅವನ ಮದುವೆಯವರೆಗೆ ಇಬ್ಬರೂ ಒಂದೇ ಮನೆ. ಮದುವೆಯಾದ ಮೇಲೆ ಅವನು ಯಾಕೆ ಅಲ್ಲಿಗೆ ಬಂದ ಅಂತ ಹೇಳಬೇಕು. 1891ರ ಮೇಯಿಂದ 1894ರ ಏಪ್ರಿಲ್‌ವರೆಗೆ ಜಗತ್ತಿನ ಲೆಕ್ಕದಲ್ಲಿ ಹೋಮ್ಸ್ ಸತ್ತಿದ್ದಾನೆ. ಡಾಯ್ಲ್ ಸ್ವತಃ ಒಂದು ಕಥೆಯನ್ನು 1892ರಲ್ಲಿ ನಡೆಸಿ ಎಡವಿದ್ದಾರೆ. ಅವರಿಗೆ ಮಾಫಿ, ನಮಗಿಲ್ಲ. 1882–87 ಮತ್ತು 1895–1901 ನಿರಾತಂಕ ಕಾಲ. ಸತ್ತನೆಂದು ಜಗತ್ತು ನಂಬಿದ್ದ ಆ ಮೂರು ವರ್ಷದಲ್ಲಿ ಟಿಬೆಟ್ಟಿಗೆ ಹೋಗಿದ್ದೆ ಅನ್ನುವ ಹೋಮ್ಸ್‌ನನ್ನು ಹಾಗೇ ಮೈಸೂರಿಗೂ ಇಳಿಸುವ ಆಸೆ ನಮ್ಮವರಿಗೆ ಸಹಜ. ಆದರೆ ಅಲ್ಲಿ ವಾಟ್ಸನ್ ಇಲ್ಲ, ಹಾಗಾಗಿ ಅದು ಸಾಂಪ್ರದಾಯಿಕ ಕಥೆಯೂ ಆಗುವುದಿಲ್ಲ. ಭಾರತ ಈ ಕಥೆಗಳಿಗೆ ಬರುವುದು ವಾಪಸ್ಸಾದವರ ಪೆಟ್ಟಿಗೆಯಲ್ಲಿ, ಪಾಪದಲ್ಲಿ. ಡಾಯ್ಲ್‌ಗೆ ನಮ್ಮ ಪ್ರಾಣಿಗಳ ಪರಿಚಯ ಅಷ್ಟಕ್ಕಷ್ಟೆ: ಭಾರತದಿಂದ ತರಿಸಿದ್ದು ಅಂತ ಆಫ್ರಿಕಾದ ಕೋತಿಯಾದ ಬಬೂನ್ ಒಂದನ್ನು ತೋಟದಲ್ಲಿ ಬಿಟ್ಟಿದ್ದಾರೆ, ಹಾವಿಗೆ ಹಾಲು ಕುಡಿಸಿ ಶಿಳ್ಳೆ ಹೊಡೆದು ಕರೆದಿದ್ದಾರೆ. ಆ ಮಟ್ಟಿಗೆ ನಾವು ಅವರಿಗಿಂತ ಚೆನ್ನಾಗಿ ಬರೆಯಬಹುದು.

ಸಾಮಾನು ಸರಂಜಾಮು ಬೇಗ ಹೇಳಿಬಿಡುತ್ತೇನೆ. ಹ್ಯಾನ್ಸಮ್ ಎಂಬ ಎರಡು ಚಕ್ರದ ಕುದುರೆ ಗಾಡಿಯಲ್ಲಿ ಇಬ್ಬರೇ ಕೂರುವುದು. ಪೊಲೀಸ್ ಇನ್ಸ್‌ಪೆಕ್ಟರ್ ಲೆಸ್ಟ್ರೇಡ್ ಜೊತೆಗಿದ್ದರೆ ನಾಲ್ಕು ಚಕ್ರದ ಗಾಡಿ ಕರೆಯಿರಿ. 1885ರ ಕೊನೆಯಿಂದ ಟೆಲಿಗ್ರಾಮಿಗೆ 12 ಪದಕ್ಕೆ 6 ಪೆನ್ಸ್, ಆದ್ದರಿಂದ ಹೋಮ್ಸ್‌ನ ತಂತಿ ಗಿಡ್ಡವಿರಲಿ. ಡೆವನ್‌ಗೆ ರೈಲು ಪ್ಯಾಡಿಂಗ್ಟನ್‌ನಿಂದ, ಯಾರ್ಕ್ ಕಡೆಗೆ ಕಿಂಗ್ಸ್ ಕ್ರಾಸ್‌ನಿಂದ. ಬೇಕರ್ ಸ್ಟ್ರೀಟಿನಲ್ಲಿ ಫೋನು ಕಾಣುವುದು 1902ರ ಸುಮಾರಿನ ಪ್ರಕರಣಗಳಲ್ಲಿ. ಸ್ಕಾಟ್ಲೆಂಡ್ ಯಾರ್ಡಿಗೆ, ಅಂದರೆ ಲಂಡನ್ ಪೊಲೀಸರಿಗೆ, ಬೆರಳಚ್ಚು ವಿಭಾಗ ಬಂದದ್ದು 1901ರಲ್ಲಿ. ಕಿವಿಮುಚ್ಚುವ ಟೋಪಿ ಹಳ್ಳಿ ಪ್ರಯಾಣಕ್ಕೆ ಮಾತ್ರ, ಲಂಡನ್ ಬೀದಿಗಲ್ಲ. "ಎಲಿಮೆಂಟರಿ, ಮೈ ಡಿಯರ್ ವಾಟ್ಸನ್" ಎಂಬ ಸಾಲು ಆ 60ರಲ್ಲಿ ಎಲ್ಲೂ ಇಲ್ಲ. ಅವರಿಬ್ಬರೂ ಪರಸ್ಪರ 'ಹೋಮ್ಸ್', 'ವಾಟ್ಸನ್'. 'ಷರ್ಲಾಕ್' ಅನ್ನುವ ಸಲುಗೆ ಅಣ್ಣ ಮೈಕ್ರಾಫ್ಟ್‌ಗೆ. ಕನ್ನಡದಲ್ಲಿ ಅವರಿಬ್ಬರ ನಡುವೆ 'ನೀನು' ಇರಲಿ, ಕಕ್ಷಿದಾರರಿಗೂ ಇನ್ಸ್‌ಪೆಕ್ಟರಿಗೂ 'ನೀವು'.

ಹಕ್ಕುಸ್ವಾಮ್ಯದ ಭಯ ಬೇಡ. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ನಮ್ಮಲ್ಲೂ ಬ್ರಿಟನ್ನಿನಲ್ಲೂ ಅವಧಿ ಎಂದೋ ಮುಗಿದಿದೆ, ಅಮೆರಿಕದಲ್ಲಿ ಕೊನೆಯ ಕಥೆಗಳೂ 2023ರ ಜನವರಿ 1ಕ್ಕೆ ಬಿಡುಗಡೆಯಾದವು. ಈಚಿನ ಸಿನಿಮಾ, ಧಾರಾವಾಹಿಗಳು ಹೊಸದಾಗಿ ಸೇರಿಸಿದ ಪಾತ್ರ, ಮಾತುಗಳನ್ನು ಮಾತ್ರ ಮುಟ್ಟಬೇಡಿ, ಅವಕ್ಕೆ ಬೇರೆ ಒಡೆಯರಿದ್ದಾರೆ. ಕಕ್ಷಿದಾರನನ್ನು ಸುಳ್ಳು ಕೆಲಸಕ್ಕೆ ಹಚ್ಚಿ ಮನೆಯಿಂದ ದೂರವಿಡುವ ತಂತ್ರವನ್ನೂ ಬಿಡಿ: ಡಾಯ್ಲ್ ಅದನ್ನೇ ಮೂರು ಕಥೆಗಳಲ್ಲಿ ಹಿಂಡಿದ್ದಾರೆ, ಇನ್ನು ರಸವಿಲ್ಲ. ಸುಮಾತ್ರಾದ ದೈತ್ಯ ಇಲಿಯ ಪ್ರಕರಣದಂಥ, ಹೆಸರು ಮಾತ್ರ ಹೇಳಿ ಬಿಟ್ಟ ಕಥೆಗಳನ್ನು ಹಾಗೇ ಬಿಟ್ಟರೆ ಚೆಂದ. ಬೇಕಾದರೆ ನಿಮ್ಮ ವಾಟ್ಸನ್ ಕೂಡ ಎರಡು ಹೊಸ ಹೆಸರು ಉದುರಿಸಿ ಮುಂದೆ ಹೋಗಲಿ.

ಬರೆದಾದ ಮೇಲೆ ಕೊನೆಯ 800 ಪದಗಳ ವಿವರಣೆಯನ್ನು ಕಿತ್ತಿಟ್ಟು ಉಳಿದದ್ದನ್ನು ಒಬ್ಬರಿಗೆ ಓದಲು ಕೊಡಿ. ಯಾರು ಮಾಡಿದ್ದು ಅಂತ ಅವರು ಹೇಳದಿದ್ದರೆ ಚಿಂತೆಯಿಲ್ಲ. ವಿವರಣೆ ಕೊಟ್ಟ ಮೇಲೆ ಅವರು ಪುಟ ತಿರುವಿ, ಕಲ್ಲುಹೂವಿನ ಸಾಲನ್ನೂ ಪಾದ್ರಿಯ ಗೊಣಗಾಟವನ್ನೂ ಹುಡುಕಿ ನಿಮ್ಮನ್ನು ಬೈಯಬೇಕು. ಹುಡುಕಲು ಹೋಗದೆ "ಚೆನ್ನಾಗಿದೆ" ಅಂದರೆ, ಕಲ್ಲುಕುಟಿಗನ ಹೇಳಿಕೆಯಿಂದ ಮತ್ತೆ ಶುರುಮಾಡಿ.