ಎಳೆಗೂಸಿಗೆ ದೀಕ್ಷಾಸ್ನಾನ ಬೇಕೇ? ಪರ-ವಿರೋಧ

ಪರ

ಹಾಲು ಕುಡಿಯುವ ಮಗುವಿಗೆ ನಂಬಿಕೆ ಎಲ್ಲಿಂದ ಬರಬೇಕು ಅಂತ ಕೇಳುತ್ತಾರೆ. ದೀಕ್ಷಾಸ್ನಾನ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರ (ಬ್ಯಾಪ್ಟಿಸಂ), ನಮ್ಮ ನಂಬಿಕೆಗೆ ಕೊಡುವ ಸರ್ಟಿಫಿಕೇಟ್ ಅಲ್ಲ. ಮೊದಲು ಕೈ ಚಾಚುವವನು ದೇವರು. ಕೃಪೆ ಅಂದರೆ ಅದೇ ಅಲ್ವಾ? ನಂಬಿಕೆಯಿಂದಲೇ ರಕ್ಷಣೆ ಎಂದು ಸಾರಿ ಪೋಪನಿಂದ ಬೇರೆಯಾದ ಜರ್ಮನ್ ಸುಧಾರಕ ಲೂಥರ್ ಶಿಶು ದೀಕ್ಷಾಸ್ನಾನವನ್ನು ಸುಮ್ನೆ ಉಳಿಸಿಕೊಳ್ಳಲಿಲ್ಲ. ನಂಬಿಕೆಯೂ ದೇವರು ಕೊಡುವುದೇ ಆದರೆ ಅದಕ್ಕೆ ವಯಸ್ಸಿನ ಲೆಕ್ಕ ಯಾಕೆ?

ಬೈಬಲಿನ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ ತೆರೆಯಿರಿ. ಫಿಲಿಪ್ಪಿಯಲ್ಲಿ ಲುದ್ಯಳ ಮನೆಯವರು, ಆಮೇಲೆ ಸೆರೆಯ ಯಜಮಾನನ ಮನೆಯವರು, ಎಲ್ಲರೂ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಕೂಸುಗಳಿದ್ದವು ಎಂದು ಬರೆದಿಲ್ಲ, ಒಪ್ಪುತ್ತೇನೆ. ಆದರೆ ಯೆಹೂದ್ಯರು ಗಂಡುಮಗುವಿಗೆ ಎಂಟನೇ ದಿನವೇ ಸುನ್ನತಿ ಮಾಡಿ ದೇವರ ಜೊತೆಗಿನ ಒಡಂಬಡಿಕೆಗೆ ಸೇರಿಸುತ್ತಿದ್ದರು. ಅದೇ ಜನ ಕ್ರಿಸ್ತನನ್ನು ನಂಬಿದ ಮೇಲೆ ಮಕ್ಕಳನ್ನು ಹೊರಗೆ ಬಿಟ್ಟರೇ? ಮೂರನೇ ಶತಮಾನದಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಅವನ ಜೊತೆಯ ಬಿಷಪ್‌ಗಳು ಎಂಟನೇ ದಿನದ ತನಕವೂ ಕಾಯಬೇಡಿ ಎಂದರು.

ವಿರೋಧ

ಊಹೆಯ ಮೇಲೆ ಸಂಸ್ಕಾರ ಕಟ್ಟಬಾರದು. ಹೊಸ ಒಡಂಬಡಿಕೆಯಲ್ಲಿ ಇಂಥ ಮಗುವಿಗೆ ದೀಕ್ಷಾಸ್ನಾನವಾಯಿತು ಎಂದು ಎಲ್ಲೂ ಇಲ್ಲ. ಮಾರ್ಕ 16:16ರಲ್ಲಿ ಮೊದಲು ನಂಬಿಕೆ, ಆಮೇಲೆ ಸ್ನಾನ. ಸಿಪ್ರಿಯನ್‌ಗಿಂತ ಮುಂಚೆ, ಸುಮಾರು ಕ್ರಿ.ಶ. 200ರಲ್ಲಿ, ಅದೇ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಮಕ್ಕಳು ಬೆಳೆದು, ಕಲಿತು ಬರಲಿ, ಅವಸರವೇನು ಎಂದಿದ್ದ. ಚರ್ಚಿನ ದೊಡ್ಡ ಚಿಂತಕ ಅಗಸ್ಟೀನ್ ಕಥೆ ಇನ್ನೂ ತಮಾಷೆ. ಹುಟ್ಟುತ್ತಲೇ ಎಲ್ಲರಿಗೂ ಪಾಪ ಅಂಟಿರುತ್ತದೆ ಎಂಬ ಮೂಲಪಾಪದ ವಾದದಿಂದ ಶಿಶು ದೀಕ್ಷಾಸ್ನಾನಕ್ಕೆ ಬಲ ತಂದವನು ಅವನು. ತಾಯಿ ಮೋನಿಕಾ ಕ್ರೈಸ್ತಳಾಗಿದ್ದರೂ ಅವನಿಗೆ ಸ್ನಾನವಾದದ್ದು 387ರಲ್ಲಿ, ಮಿಲಾನಿನಲ್ಲಿ, ಮೂವತ್ತು ದಾಟಿದ ಮೇಲೆ.

ನನ್ನ ದೊಡ್ಡ ತಕರಾರು ಬೇರೆ. ಊರಲ್ಲಿ ಹುಟ್ಟಿದವರೆಲ್ಲ ಚರ್ಚಿನವರು ಎಂದಾದರೆ ನಂಬಿಕೆಯ ವಿಷಯಕ್ಕೂ ಸರ್ಕಾರ ಕೈ ಹಾಕುತ್ತದೆ. ಸ್ವಿಟ್ಜರ್‌ಲೆಂಡಿನ ಜೂರಿಕ್‌ನಲ್ಲಿ ಹಾಗೇ ಆಯಿತು. 1525ರ ಜನವರಿಯಲ್ಲಿ ಕಾನ್ರಾಡ್ ಗ್ರೇಬೆಲ್ ಮತ್ತು ಗೆಳೆಯರು, ದೊಡ್ಡವರಾದ ಮೇಲೆ, ಮತ್ತೆ ದೀಕ್ಷಾಸ್ನಾನ ಪಡೆದರು. ನಗರಸಭೆ ಅದನ್ನು ಅಪರಾಧ ಮಾಡಿತು. 1527ರ ಜನವರಿ 5ರಂದು ಆ ಗುಂಪಿನ ಫೆಲಿಕ್ಸ್ ಮಾನ್ಸ್‌ನನ್ನು ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಪೋಪನ ಕಡೆಯವರಲ್ಲ, ಬೈಬಲ್ ಒಂದೇ ಸಾಕು ಎನ್ನುತ್ತಿದ್ದ ಸುಧಾರಣೆಯವರು!

ಬೆಳೆದ ಮೇಲೆ ದೃಢೀಕರಣ, ಅಂದರೆ ತಾನೇ ನಂಬಿಕೆ ಒಪ್ಪಿಕೊಳ್ಳುವ ಸಂಸ್ಕಾರ, ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಮನೆಯವರು ಹೊಸ ಬಟ್ಟೆ ಹೊಲಿಸಿ, ನೆಂಟರನ್ನೆಲ್ಲ ಕರೆದಾದ ಮೇಲೆ ಯಾವ ಹುಡುಗ ಬೇಡ ಅಂದಾನು? 1943ರಲ್ಲಿ ಸುಧಾರಿತ ಚರ್ಚಿನವನೇ ಆದ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ ಶಿಶು ದೀಕ್ಷಾಸ್ನಾನದ ಪದ್ಧತಿಯಲ್ಲಿ ಕೊರತೆ ಇದೆ ಎಂದ. ಆಗಿಹೋದ ಸ್ನಾನ ರದ್ದಾಗಬೇಕು ಎಂದೇನೂ ಅವನು ಹೇಳಲಿಲ್ಲ. ಇನ್ನು ಮುಂದೆ ಕೇಳಿ ಬಂದವರಿಗೆ ಮಾತ್ರ ಕೊಡೋಣ ಅಂದರೆ ಯಾರಿಗೇನು ನಷ್ಟ?